ಪ್ರಬಂಧಗಳ ಲೆಕ್ಕ, ಪ್ರಾಣಗಳ ಲೆಕ್ಕ

ವಿದ್ಯೆಗೆ ಬೆಲೆ ಕಟ್ಟಲಾಗದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈ ಕಾಲ ವಿದ್ವಾಂಸರ ಸಾಧನೆಗೂ ಒಂದು ಅಂಕವನ್ನು ಗೊತ್ತುಮಾಡಿದೆ. ಇದು ನಮ್ಮ ಅರಿವಿಗೆ ಬಂದದ್ದು ಒಂದು ದೀಪಾವಳಿಯಲ್ಲಿ, ಯಮಕನಮರಡಿಯ ನಮ್ಮ ಮನೆಯ ಪಡಸಾಲೆಯಲ್ಲಿ.

ನಮ್ಮ ಅಣ್ಣನ ಮಗಳು ರೋಗನಿರೋಧ ಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಹಬ್ಬಕ್ಕೆ ಬಂದವಳ ಮುಖದಲ್ಲಿ ಕಳೆಯಿರಲಿಲ್ಲ. ಬಯಸಿದ್ದ ಹುದ್ದೆ ಕೈತಪ್ಪಿತ್ತು. ಅವಳ ಎಚ್-ಸೂಚ್ಯಂಕ ಸಾಲದೆಂಬುದು ಕಾರಣ. ಹಾಗೆಂದರೇನೆಂದು ವಿಚಾರಿಸಿದೆವು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆಯದು. ಒಬ್ಬರ ಹತ್ತು ಪ್ರಬಂಧಗಳನ್ನು ಇತರ ಸಂಶೋಧಕರು ತಲಾ ಹತ್ತು ಸಲವಾದರೂ ಉಲ್ಲೇಖಿಸಿದ್ದು, ಹನ್ನೊಂದಕ್ಕೆ ಆ ಮಾತು ಸಲ್ಲದಿದ್ದರೆ, ಅವರ ಅಂಕ ಹತ್ತು.

ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಅವ್ವ ತಲೆಯೆತ್ತಿ, "ಅದೆಲ್ಲ ಇರಲೆವಾ, ನಿನ್ನ ಓದಿನಿಂದ ಎಷ್ಟು ಮಂದಿ ಉಳದಾರ?" ಎಂದು ಕೇಳಿದರು. ಹುಡುಗಿ ನಿರುತ್ತರಳಾದಳು. ಅವ್ವ ಚುಚ್ಚಿ ನುಡಿದವರಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ದಿನ ನೂಕಿದ ಪ್ಲೇಗಿನ ಕಥೆಯನ್ನು ತಮ್ಮ ಅಜ್ಜಿಯ ಬಾಯಿಂದ ಕೇಳಿ ಬೆಳೆದವರು. ಆ ಗುಡಿಸಲಿನಿಂದ ಮನೆಗೆ ಮರಳಿದವರು ಮೂವರೇ.

ಆ ಮಾತಿನಿಂದ ನಮಗೆ ವಾಲ್ಡೆಮಾರ್ ಹಾಫ್‌ಕಿನ್ ನೆನಪಾದರು. 1860ರಲ್ಲಿ ಒಡೆಸ್ಸಾ ನಗರದಲ್ಲಿ ಹುಟ್ಟಿದ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಲ್ಲಿಗೆ ಬಂದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳಿಂದ ಕೆಳಗಿಳಿಯುವಂತೆ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪರೀಕ್ಷೆ ನಡೆಯಿತು. ಆ ಬಳಿಕದ ದಿನಗಳಲ್ಲಿ, ಲಸಿಕೆ ಪಡೆಯದ ಕೈದಿಗಳಲ್ಲಿ 12 ಜನರಿಗೆ ರೋಗ ತಗುಲಿ 6 ಜನ ತೀರಿಕೊಂಡರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

ಮರುವರ್ಷ ಪ್ಲೇಗು ನಮ್ಮ ಹುಬ್ಬಳ್ಳಿಯನ್ನು ಹೊಕ್ಕಿತು. ಅಲ್ಲಿನ ವೈದ್ಯಾಧಿಕಾರಿ ಲ್ಯೂಮನ್ ಸಾವಿರಾರು ಜನರಿಗೆ ಲಸಿಕೆ ಹಾಕಿಸಿ, ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಸಾವು ಎಂದು ವಾರವಾರವೂ ಬರೆದಿಟ್ಟರು. ಲಸಿಕೆ ಪೂರ್ಣ ರಕ್ಷಣೆ ನೀಡದಿದ್ದರೂ ರೋಗವನ್ನೂ ಸಾವನ್ನೂ ಬಹಳವಾಗಿ ತಗ್ಗಿಸುವುದೆಂದು ಪ್ಲೇಗು ಆಯೋಗವೂ ಒಪ್ಪಿತು.

ಇಷ್ಟು ಹೇಳಿ ನಾವು, "ನೋಡಿದೆಯಾ, ಹಾಫ್‌ಕಿನ್ನರಿಗೆ ಅಂಕ ಕೊಟ್ಟವರಾರು?" ಎಂದೆವು. ಹುಡುಗಿ ಸುಮ್ಮನಿರಲಿಲ್ಲ. "ಕಾಕಾ, ಅವರೂ ಬರೆದರಲ್ಲ! 1897ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, 1899ರಲ್ಲಿ ರಾಯಲ್ ಸೊಸೈಟಿಯ ಮುಂದೆ. ಬೈಕಲಾದ ಲೆಕ್ಕವನ್ನು ಪೆಟ್ಟಿಗೆಯಲ್ಲಿಟ್ಟಿದ್ದರೆ ಬೇರೆಯವರು ಅದನ್ನು ಪರೀಕ್ಷಿಸುವುದಾದರೂ ಹೇಗೆ? ಲ್ಯೂಮನ್ನರು ಬರೆದಿಡದಿದ್ದರೆ ಹುಬ್ಬಳ್ಳಿಯ ಮಾತನ್ನು ಇಂದು ನೀವು ಹೇಳುತ್ತಿದ್ದಿರಾ?" ಎಂದಳು. ಆ ಮಾತಿಗೆ ನಾವು ತಲೆದೂಗಲೇಬೇಕಾಯಿತು.

ಬರೆದದ್ದರ ಬೆಲೆ ಹಾಫ್‌ಕಿನ್ನರ ಕಷ್ಟಕಾಲದಲ್ಲಿಯೂ ಕಂಡಿತು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಅಪವಾದ ಹಾಫ್‌ಕಿನ್ನರ ಪ್ರಯೋಗಾಲಯದ ಮೇಲೆ ಬಂತು. ಅವರು ಹುದ್ದೆ ಬಿಡಬೇಕಾಯಿತು. ಸೀಸೆ ಕೆಟ್ಟದ್ದು ಪ್ರಯೋಗಾಲಯದಲ್ಲಲ್ಲ, ಗ್ರಾಮದಲ್ಲಿ ಅದನ್ನು ತೆರೆದಾಗ ಎಂದು ತೋರಿಸಲು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ದಾಖಲೆಗಳನ್ನೇ ಮುಂದಿಟ್ಟು ವಾದಿಸಿದರು. 1907ರಲ್ಲಿ ಹಾಫ್‌ಕಿನ್ ನಿರ್ದೋಷಿಯೆನಿಸಿದರು. ಮುಂಬಯಿಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರನ್ನೇ ಇಡಲಾಯಿತು.

ಆದ್ದರಿಂದ ಬರೆಯುವುದು ಬೇಕು, ಉಲ್ಲೇಖವೂ ಬೇಕು. ಬೇಡವಾದದ್ದು, ಬರಹವನ್ನು ಓದದೆ ಅಂಕವನ್ನಷ್ಟೇ ನೋಡುವ ರೂಢಿ. ಕಿರಿಯರ ಉಲ್ಲೇಖಗಳು ಕೂಡಿಬರಲು ವರ್ಷಗಳು ಬೇಕು. ಸಣ್ಣ ಕ್ಷೇತ್ರದಲ್ಲಿ ದುಡಿಯುವವರನ್ನು ಉಲ್ಲೇಖಿಸುವವರೇ ಕಡಿಮೆ. ಪತ್ರಿಕೆಯ ಪ್ರತಿಷ್ಠೆಯ ಅಂಕದಿಂದ ಸಂಶೋಧಕರನ್ನು ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿದ್ವಾಂಸರು ಘೋಷಣೆಯೊಂದನ್ನೇ ಸಿದ್ಧಪಡಿಸಿದರು. ಪರೀಕ್ಷೆಯ ಅಂಕದಿಂದಲೇ ಮಕ್ಕಳನ್ನು ತೂಗುವ ನಾವು ತಂದೆತಾಯಿಗಳೂ ಇದನ್ನು ಯೋಚಿಸಬೇಡವೇ?

ಹಬ್ಬ ಮುಗಿದು ಹುಡುಗಿ ಹೊರಟು ನಿಂತಳು. ಇನ್ನೊಂದು ಕಡೆಗೆ ಅರ್ಜಿ ಹಾಕುವುದಾಗಿ ಹೇಳಿ ಅಜ್ಜಿಯ ಕಾಲಿಗೆರಗಿದಳು. ಅವ್ವ ಅವಳ ಕೈಯಲ್ಲಿ ಉಂಡಿಯ ಡಬ್ಬಿಯನ್ನಿಟ್ಟು, "ಇನ್ನ ಮ್ಯಾಲ ಏನರ ಬರದರ, ನನಗೂ ಕನ್ನಡದಾಗ ತಿಳಿಸಿ ಹೇಳವಾ" ಎಂದರು.