ಬಾಣಂತನಕ್ಕೆ ಯುರೋಪಿಗೆ ಹೊರಟಿರಾ?

ಮಕ್ಕಳು ಜರ್ಮನಿ, ಹಾಲೆಂಡ್ ಅಂತ ಹೋಗಿ ನೆಲೆಸಿದ ಮೇಲೆ ಬಾಣಂತನಕ್ಕೆ ವಿಮಾನ ಹತ್ತುವುದು ನಮ್ಮಂಥ ಸಣ್ಣ ಊರುಗಳಲ್ಲೂ ಮಾಮೂಲಾಗಿದೆ. ಅಮ್ಮನಿಗೆ ಮೊಣಕಾಲು ನೋವು. ಹಾಗಾಗಿ 2025ರಲ್ಲಿ ಮ್ಯೂನಿಕ್‌ನಲ್ಲಿರುವ ತಂಗಿಯ ಬಾಣಂತನಕ್ಕೆ ನಾನೇ ಹೋಗಿ ಬಂದೆ. ಟಿಕೆಟ್ಟು, ಸ್ವೆಟರ್ರು ಎಲ್ಲ ಆಮೇಲೆ. ಮೊದಲು ದಿನ ಎಣಿಸಿಕೊಳ್ಳಿ, ಸೋದರಿಯರೇ.

ಷೆಂಗೆನ್ ವೀಸಾ ಅಂದರೆ 29 ದೇಶಗಳಿಗೆ ಒಂದೇ ವೀಸಾ. ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತೆ. ಮಾರ್ಚ್ 1ಕ್ಕೆ ಇಳಿದೆ, ಮೇ 29ಕ್ಕೆ ತೊಂಬತ್ತು ತುಂಬಿತು. ಮಗು ಹುಟ್ಟಿದ್ದು 19ಕ್ಕೆ. ಐದು ತಿಂಗಳ ಬಾಣಂತನ ಎಲ್ಲಿಂದ ಬರಬೇಕು? ಬೀಗಿತ್ತಿಯವರ ಜೊತೆ ಮೊದಲೇ ಮಾತಾಡಿಕೊಂಡಿದ್ದೆವು. ನಾನು ಹೊರಟ ವಾರವೇ ಅವರು ಬಂದರು. ಅವರ ತೊಂಬತ್ತು ದಿನ ಬೇರೆ ತಾನೇ! ವೀಸಾ ಚೀಟಿಯಲ್ಲಿ ಕೊನೆಯ ತಾರೀಖು ಮುಂದಿದ್ದರೂ ಅದನ್ನು ನಂಬಿ ಕೂರಬೇಡಿ, ಅಲ್ಲೇ ಬರೆದಿರುವ ದಿನಗಳ ಸಂಖ್ಯೆ ನೋಡಿ. 2025ರ ಅಕ್ಟೋಬರ್ 12ರಿಂದ ಫೋಟೋ, ಬೆರಳಚ್ಚು ತೆಗೆದುಕೊಂಡು ಕಂಪ್ಯೂಟರೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಹೆಚ್ಚಾದರೂ ಸಿಕ್ಕಿಬೀಳ್ತೀರಿ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಹಾಕಬಹುದು. ಹದಿನೈದು ದಿನದಲ್ಲಿ ಉತ್ತರ ಬರಬೇಕು, ಕೆಲವೊಮ್ಮೆ 45 ದಿನವೂ ಆದೀತು. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ನಮ್ಮಂಥ ಗೃಹಿಣಿಯರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು ಹೇಳಿ? ಜರ್ಮನಿಯಾದರೆ ಅಲ್ಲಿರುವ ಮಗಳೋ ಅಳಿಯನೋ ವಿದೇಶಿಯರ ಕಚೇರಿಗೆ ಹೋಗಿ, ಇವರ ಖರ್ಚು ನಮ್ಮದು ಅಂತ ಬರೆದುಕೊಟ್ಟು ಪತ್ರ ಪಡೆಯಬಹುದು. ಅಸಲು ಪತ್ರವೇ ಬೇಕು, ಅಂಚೆಯಲ್ಲಿ ಬರೋಕೆ ದಿನ ಹಿಡಿಯುತ್ತೆ.

ಈಗ ಎಟಿಯಾಸ್ ಅನ್ನೋ ಹೊಸ ಹೆಸರು ಕೇಳ್ತಿದೀರಲ್ಲ, ಅದು ನಮಗಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗನಂಥವರಿಗೆ, ಅಂದರೆ ವೀಸಾ ಬೇಡದವರಿಗೆ, 20 ಯೂರೋ ಕಟ್ಟಿ ಪಡೆಯುವ ಮುಂಗಡ ಅನುಮತಿ. 2026ರ ಕೊನೆಯಲ್ಲಿ ತರುತ್ತೇವೆ ಅಂತ ಯುರೋಪಿನವರು ಹೇಳಿದ್ದಾರೆ. ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಒಂದೇ ಸಾಕು. ಎಟಿಯಾಸ್ ಮಾಡಿಸಿಕೊಡ್ತೀವಿ ಅಂತ ಯಾವನಾದರೂ ಬಂದರೆ ಬಾಗಿಲಲ್ಲೇ ಕಳಿಸಿ.

ಅಂದ ಹಾಗೆ, ಬಾಣಂತಿಗೆ ಅಂತ ತುಪ್ಪದ ಡಬ್ಬಿ ಕಟ್ಟಬೇಡಿ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಅಲ್ಲಿ ಬೆಣ್ಣೆ ಬೇಕಾದಷ್ಟು ಸಿಗುತ್ತೆ, ಎರಡು ವೀಳ್ಯದೆಲೆ ಮಾತ್ರ ಇರೋದಿಲ್ಲ, ಹಾಗೇ ಕಾಯಿಸಿಕೊಳ್ಳಿ.