ಸದ್ದು ನಿಂತ ಮೇಲೆ...

ಅಕ್ಕನ ಥಾರ್ ಜೀಪಿನ ಮುಂದಿನ ಎಡಚಕ್ರದಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕಿರ್ರ್, ಹಂಪ್ ಹತ್ತಿಸಿದರೆ ಟಕ್. ಊರ ಹೊರಗಿನ ಒಂದು ಗ್ಯಾರೇಜಿನಲ್ಲಿ ಬಾಲ್ ಜಾಯಿಂಟಿನ ರಬ್ಬರ್ ಬೂಟಿಗೆ ಸಿರಿಂಜ್ ಚುಚ್ಚಿ ಗ್ರೀಸ್ ತುಂಬಿಸಿ ಕಳಿಸಿದರು. ಸದ್ದೇನೋ ನಿಂತಿತು. ಟೈರಿನ ಒಳಅಂಚು ಸವೆಯೋದು ಮಾತ್ರ ನಿಲ್ಲಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಕುಶಾಲನಗರ ದಾಟಿ ಮಡಿಕೇರಿ ಕಡೆಯ ತೋಟಕ್ಕೆ ಹತ್ತಿಸೋ ಗಾಡಿ ಇದು. "ಸದ್ದು ಹೋಯ್ತಲ್ಲೋ, ಇನ್ಯಾಕೆ ಖರ್ಚು?" ಅಂತ ಅಕ್ಕ.

ಹಳೇ ಜೀಪುಗಳಿಗೆ ಮುಂದೆ ಗಟ್ಟಿ ಆಕ್ಸಲ್, ಅದಕ್ಕೆ ಕಿಂಗ್‌ಪಿನ್. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಗೆ ಹಾಗಲ್ಲ. ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ತುದಿಯಲ್ಲಿ ಬಾಲ್ ಜಾಯಿಂಟ್. ಬಟ್ಟಲಿನೊಳಗೆ ಗುಂಡು, ಥೇಟ್ ನಮ್ಮ ಸೊಂಟದ ಕೀಲು! ಸವೆದು ಸವೆದು ಗುಂಡು ಬಟ್ಟಲಿನಿಂದ ಕಳಚಿತೋ, ಚಕ್ರ ಪಕ್ಕಕ್ಕೆ ಮಡಚಿಕೊಳ್ಳುತ್ತೆ. ಆಮೇಲೆ ಸ್ಟೇರಿಂಗ್ ಹಿಡಿದು ಪ್ರಯೋಜನವಿಲ್ಲ. ಗ್ರೀಸ್ ಹಾಕಿದರೆ ಸದ್ದು ಅಡಗುತ್ತೆ, ಸವೆದ ಕಬ್ಬಿಣ ವಾಪಸ್ ಬರುತ್ತಾ ಹೇಳಿ?

ಅಗ್ರಹಾರದಲ್ಲಿ ರಾಮಾನುಜ ರಸ್ತೆಗೆ ಸೇರೋ ಒಂದು ಗಲ್ಲಿಯ ಮೇಸ್ತ್ರಿ ಹತ್ತಿರ ಒಯ್ದೆ. ಅವರು ಸದ್ದಿನ ವಿಷಯ ಕೇಳಲೇ ಇಲ್ಲ. ಕೆಳಗಿನ ಆರ್ಮಿಗೆ ಜಾಕ್ ಕೊಟ್ಟು ಚಕ್ರ ಎತ್ತಿ, ಟೈರಿನಡಿ ಹಾರೆ ಹಾಕಿ ಮೀಟಿದರು. "ಇಲ್ಲಿ ಬೆರಳಿಡಿ ಸಾರ್." ಮೀಟಿದಾಗಲೆಲ್ಲ ಒಳಗೆ ಗುಂಡು ಅಲ್ಲಾಡೋದು ಬೆರಳಿಗೇ ಗೊತ್ತಾಗುತ್ತಿತ್ತು. ಬಲಗಡೆಯದೂ ಅಷ್ಟೇ, ಸ್ವಲ್ಪ ಕಮ್ಮಿ.

ಬಿಚ್ಚೋದು ನೋಡೋ ಹಾಗಿತ್ತು. ಸ್ಪ್ಲಿಟ್ ಪಿನ್ ಕಿತ್ತು, ನಟ್ ಪೂರ್ತಿ ತೆಗೆಯದೆ ಒಂದೆರಡು ಸುತ್ತು ಉಳಿಸಿ, ಬೋಲ್ಟಿಗೆ ಹೊಡೆಯದೆ ಅದು ಕೂತಿರೋ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಲ್ಲಿ ನಾಲ್ಕೇಟು. ಐದನೇದಕ್ಕೆ ಠಪ್ ಅಂತ ಬಿಟ್ಟುಕೊಂಡಿತು. ಬೂಟು ಹರಿದಿತ್ತು. ಒಳಗೆ ಹೊಸ ಗ್ರೀಸಿನ ಜೊತೆ ತೋಟದ ಕೆಂಪು ಕೆಸರು.

ಹೊಸದನ್ನು ಕೂರಿಸುವಾಗ ನಟ್ಟಿನ ಗಾಡಿಗೂ ಪಿನ್ನಿನ ತೂತಿಗೂ ಸರಿಹೊಂದಲಿಲ್ಲ. ಸಹಾಯಕ್ಕಿದ್ದ ಹುಡುಗ ಒಂಚೂರು ಸಡಿಲಿಸಲು ಹೊರಟ. ಅಷ್ಟು ಹೊತ್ತು ಮೆತ್ತಗೆ ಮಾತಾಡುತ್ತಿದ್ದ ಮೇಸ್ತ್ರಿ ರೇಗಿಬಿಟ್ಟರು, "ಬಿಗಿ ಮಾಡಿ ತೂತಿಗೆ ತರ್ಬೇಕು, ಹಿಂದಕ್ಕೆ ತಿರುಗಿಸಬಾರದು ಅಂತ ಎಷ್ಟು ಸಲ ಹೇಳೋದು ನಿಂಗೆ?" ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆವಾಗಲೇ ಅನ್ನಿ.

ಎರಡೂ ಕಡೆ ಮುಗಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸದೆ ಘಾಟಿ ಹತ್ತಬೇಡಿ ಅಂತ ಎಚ್ಚರಿಸಿದರು. ಹಳೇ ಜಾಯಿಂಟನ್ನು ಗುಜರಿ ಡಬ್ಬಕ್ಕೆ ಎಸೆಯೋದರಲ್ಲಿದ್ದರು, ನಾನು ಇಸ್ಕೊಂಡೆ. ಪೇಪರಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಅಕ್ಕ ಬಿಲ್ ಕೇಳಿದಾಗ ಮೊದಲು ಅದನ್ನ ಕೈಗೆ ಕೊಡೋದು.