ಒಂದು ತೊಲೆಗೆ ನಾಲ್ಕು ಟನ್ನು

ಬಂಗಾರದ ಬಗ್ಗೆ ಬರೆಯಲು ನಿಮಗೇನು ಹಕ್ಕು ಎಂದು ಕೇಳುವವರಿದ್ದಾರೆ. ನಮ್ಮ ಕೇರಿಯ ಮನೆಗಳನ್ನೆಲ್ಲ ಜಾಲಾಡಿದರೂ ಹತ್ತು ತೊಲೆ ಹುಟ್ಟುವುದಿಲ್ಲ. ಇದ್ದದ್ದರಲ್ಲೂ ಹೆಚ್ಚಿನದು ಸಾಲ ಕೊಡುವವರ ಕಪಾಟಿನಲ್ಲಿ ಕೂತಿದೆ. ಮಳೆಗಾಲಕ್ಕೆ ಒತ್ತೆ, ಕೂಲಿ ಸಿಕ್ಕಾಗ ಬಿಡುಗಡೆ, ಮತ್ತೆ ಮಳೆಗಾಲಕ್ಕೆ ಒತ್ತೆ. ಆದರೂ ಬರೆಯುತ್ತೇವೆ. ಭೂಮಿಯ ಹೊಟ್ಟೆಯಿಂದ ಬಂಗಾರ ಹೊತ್ತು ತಂದ ಕೈಗಳು ಯಾವ ಕೇರಿಯವು ಎಂದು ಬಲ್ಲವರು ಬರೆಯದಿದ್ದರೆ, ಕತ್ತಿಗೆ ಹಾಕಿಕೊಂಡವರು ಮಾತ್ರ ಬರೆಯುತ್ತಾರೆ.

ಕತಗಾಲ ಕುಮಟೆಯಿಂದ ಶಿರಸಿಗೆ ಹೋಗುವ ದಾರಿಯ ಊರು. ಚಂಡಿಕಾ ಹೊಳೆ ಉಕ್ಕಿದ ದಿನ ರಸ್ತೆ ಮುಳುಗಿ ಬಸ್ಸು ನಿಲ್ಲುತ್ತದೆ. ಕುಮಟೆ ಕಡೆಯಿಂದ ಯಾಣದ ಕಪ್ಪು ಬಂಡೆ ನೋಡಲು ಬರುವವರು ನಮ್ಮೂರು ದಾಟಿ ಹೋಗುತ್ತಾರೆ. ನಮಗೆ ಕಲ್ಲೆಂದರೆ ಚಿರೇಕಲ್ಲು. ಕಡಿಯುವ ಕಲ್ಲು, ಹೊರುವ ಕಲ್ಲು, ಲಾರಿಗೆ ತುಂಬಿ ಕೂಲಿ ಎಣಿಸುವ ಕಲ್ಲು. ಕಲ್ಲಿನೊಳಗೆ ಷೇರುಪೇಟೆಯೂ ಇದೆ ಎಂದು ತಿಳಿದದ್ದು ನಾವು ಡಿಗ್ರಿ ಮುಗಿಸಿದ ಮೇಲೆ.

ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಕೆಲಸ ಸಿಗದೆ ಘಟ್ಟದ ಮೇಲೆ ಬಂಗಾರ ಹುಡುಕುವ ಒಂದು ಕ್ಯಾಂಪಿನಲ್ಲಿ ಮೂರು ತಿಂಗಳು ದುಡಿದೆವು. ಕೊರೆಯುವ ಯಂತ್ರದಿಂದ ಬರುವ ಉದ್ದುದ್ದದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಎಷ್ಟು ಮೀಟರು ಆಳದ್ದು ಎಂದು ಬಣ್ಣದಲ್ಲಿ ಬರೆಯುವುದು ನಮ್ಮ ಪಾಲಿನ ಕೆಲಸ. ಅದಕ್ಕೆ 'ಕೋರ್' ಎನ್ನುತ್ತಾರೆ. ಆ ಕೋರನ್ನು ಉದ್ದಕ್ಕೆ ಸೀಳಿ ಅರ್ಧ ಪರೀಕ್ಷೆಗೆ ಕಳಿಸಿ, ಅರ್ಧವನ್ನು ಬೀಗ ಹಾಕಿ ಇಡುತ್ತಿದ್ದರು. ನಮ್ಮ ಚಾದ ಲೋಟವನ್ನೂ ಬೇರೆಯೇ ಇಡುತ್ತಿದ್ದರು, ಅದಕ್ಕೆ ಮಾತ್ರ ಬೀಗ ಬೇಕಿರಲಿಲ್ಲ. ಕೊನೆಯ ತಿಂಗಳ ಕೂಲಿ ಇನ್ನೂ ಬಂದಿಲ್ಲ.

ಈ ಅನುಭವ ಗೊತ್ತಿದ್ದ ಅಣ್ಣ, ನಮ್ಮ ದೊಡ್ಡಪ್ಪನ ಮಗ, ಮಸ್ಕತ್ತಿನಿಂದ ಫೋನು ಮಾಡಿದ. "ತಮಾ, ಬಂಗಾರ ಹುಡುಕೂ ಕಂಪೆನಿ ಷೇರು ಅಗ್ಗಕ್ಕೆ ಸಿಕ್ತದಂತೆ. ಗಣಿ ಆದ್ಮೇಲೆ ಹತ್ತು ಪಟ್ಟಂತೆ. ಮನೆ ಕಟ್ಟೂಕೆ ಇಟ್ಟ ದುಡ್ಡು ಅದೆ. ಹಾಕ್ಲಾ?"

ನಾಲ್ಕು ವರ್ಷ ಬಿಸಿಲಲ್ಲಿ ಬೆಂದ ದುಡ್ಡು ಅದು. ಹೂಂ ಎನ್ನುವ ಮೊದಲು ಅವನಿಗೆ ಕಲ್ಲಿನ ಕತೆ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕೋಲಾರ, ಹಟ್ಟಿ, ಗದಗಗಳ ಬಂಗಾರ 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಲ್ಲಿದೆ. ಕಡಲ ತಳದಲ್ಲಿ ಹರಿದ ಲಾವಾ, ಕೂತ ಕೆಸರು ಎಲ್ಲ ಒತ್ತಡಕ್ಕೆ ಸಿಕ್ಕಿ ಹಸಿರು ಛಾಯೆಯ ಕಲ್ಲಾಗಿ ಪಟ್ಟಿ ಪಟ್ಟಿಯಾಗಿ ಮಡಚಿಕೊಂಡವು. ಆಳದ ಬಿಸಿನೀರು ಬಂಗಾರವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೆದ್ದು, ಬಿಳಿ ಬೆಣಚುಕಲ್ಲಿನ ಜೊತೆ ಅದನ್ನು ಅಲ್ಲೇ ಬಿಟ್ಟಿತು. ಹಾವೇರಿ ತಾಲೂಕಿನ ಗಣಜೂರಿನಲ್ಲಿ ಬಗೆ ಬೇರೆ. ಅಲ್ಲಿ ಕಬ್ಬಿಣ ತುಂಬಿದ ಪಟ್ಟೆಪಟ್ಟೆ ಕಲ್ಲಿನೊಳಗೆ ಗಂಧಕದ ಖನಿಜಗಳ ಜೊತೆ ಬಂಗಾರ ಅಡಗಿದೆ. ಬರಿಗಣ್ಣಿಗೆ ಕಾಣುವುದು ಬಂಗಾರವಲ್ಲ, ತುಕ್ಕು.

ಹೀಗೆ ಅಡಗಿದ್ದನ್ನು ಹುಡುಕಲು ಮೊದಲು ನಕ್ಷೆ ಬರೆಯುತ್ತಾರೆ. ಹಳ್ಳದ ಮರಳು ಜಾಲಿಸುತ್ತಾರೆ, ಮಣ್ಣು ಪರೀಕ್ಷಿಸುತ್ತಾರೆ, ಕಂದಕ ತೋಡುತ್ತಾರೆ, ಕೊನೆಗೆ ಕೊರೆಯುತ್ತಾರೆ. ಹಿಂದಿನವರು ತೋಡಿದ ಗುಂಡಿಗಳೂ ದಾರಿ ತೋರುತ್ತವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಗಣಿಗುಂಡಿಗಳು ಸಿಕ್ಕಿವೆ. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರನಿಗೆ ಅಶೋಕನ ಹೆಸರಿದ್ದ ಶಾಸನ ಸಿಕ್ಕಿತು. ದೊರೆಯ ಹೆಸರು ಸಿಕ್ಕಿತು. ಗುಂಡಿ ತೋಡಿದವನ ಹೆಸರು ಸಿಗಲಿಲ್ಲ.

ಇನ್ನು ದುಡ್ಡಿನ ಮಾತು. ಒಂದು ಟನ್ನು ಬಂಡೆಯಲ್ಲಿ ಮೂರು ಗ್ರಾಂ ಬಂಗಾರವಿದ್ದರೆ ಅದನ್ನು ತೆಗೆದುಹಾಕುವಂತಿಲ್ಲ. ಆ ಲೆಕ್ಕಕ್ಕೆ ಒಂದು ತೊಲೆಗೆ ಸುಮಾರು ನಾಲ್ಕು ಟನ್ನು ಬಂಡೆ ಒಡೆಯಬೇಕು, ಪುಡಿ ಮಾಡಬೇಕು, ಸೈನೈಡು ನೀರಲ್ಲಿ ಕರಗಿಸಬೇಕು. ಒಂದು ತೂತಿನಲ್ಲಿ ಬಂಗಾರ ಸಿಕ್ಕರೆ ಅದು ಗಣಿಯಲ್ಲ. ತೂತುಗಳ ನಡುವೆ ಇರಬಹುದು ಎಂದು ಅಂದಾಜು ಮಾಡಿದ್ದು ಊಹೆಯ ಸಂಪನ್ಮೂಲ. ಒತ್ತೊತ್ತಾಗಿ ಕೊರೆದು ಅಳೆದ ಮೇಲೆ, ತೆಗೆಯುವ ಖರ್ಚು, ನೀರು, ಪರವಾನಗಿ ಎಲ್ಲ ಕಳೆದು ಉಳಿದರೆ ಮಾತ್ರ ಅದು ನಿಕ್ಷೇಪ. ಷೇರು ಮಾರುವವರು ಮೊದಲನೆಯದನ್ನು ತೋರಿಸಿ ಕೊನೆಯದರ ಬೆಲೆ ಹೇಳುತ್ತಾರೆ.

ಇದು ಹೊಸತಲ್ಲ. 1880ರ ಆಸುಪಾಸು ವೈನಾಡಿನ ಬಂಗಾರದ ಹೆಸರಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪೆನಿ ಹುಟ್ಟಿ, ಲಕ್ಷಗಟ್ಟಲೆ ಪೌಂಡು ಎತ್ತಿ, ಕೆಲವೇ ವರ್ಷದಲ್ಲಿ ಮುಳುಗಿದವು. 1997ರಲ್ಲಿ ಕೆನಡಾದ ಬ್ರೆ-ಎಕ್ಸ್ ಎಂಬ ಕಂಪೆನಿ ಇಂಡೋನೇಷ್ಯಾದಲ್ಲಿ ತೋರಿಸಿದ ಮಹಾ ನಿಕ್ಷೇಪ ಸುಳ್ಳೆಂದು ಬಯಲಾಯಿತು. ಮಾದರಿಗೆ ಹೊರಗಿನಿಂದ ಬಂಗಾರದ ಪುಡಿ ಬೆರೆಸಿದ್ದರು. ಪುಡಿ ಮಾಡುವ ಮೊದಲು ಅರ್ಧ ಕೋರನ್ನು ಎತ್ತಿಡದೆ ಇದ್ದದ್ದು ಆ ಮೋಸಕ್ಕೆ ಅನುಕೂಲವಾಯಿತು. ನಾವು ಪೆಟ್ಟಿಗೆಯಲ್ಲಿ ಜೋಡಿಸಿದ ಕಲ್ಲಿಗೆ ಅಷ್ಟು ಬೆಲೆಯಿದೆ.

ಮೋಸವಿಲ್ಲದ ಕಡೆಯೂ ಕಾಲ ತಿನ್ನುತ್ತದೆ. ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪೆನಿ ಕೊರೆದು ಅಳೆದ ಮೇಲೂ 2010ರ ದಶಕ ಪೂರ್ತಿ ಪರವಾನಗಿಯ ಕಾಗದದಲ್ಲೇ ಕಳೆಯಿತು. 2015ರ ತಿದ್ದುಪಡಿ ಗಣಿಗಳಿಗೆ ಹರಾಜು ತಂದಿತು. 2023ರ ತಿದ್ದುಪಡಿ ಬಂಗಾರದಂಥ ಆಳದ ಖನಿಜಗಳಿಗೆ ಬೇರೆಯೇ ಪರಿಶೋಧನಾ ಪರವಾನಗಿ ತಂದಿತು. ಕಾನೂನು ಬದಲಾದಾಗಲೆಲ್ಲ ಷೇರು ಏರುತ್ತದೆ, ಇಳಿಯುತ್ತದೆ. ಮನೆ ಕಟ್ಟುವವನಿಗೆ ಅಷ್ಟು ಕಾಯುವ ಆಯುಷ್ಯವಿಲ್ಲ.

ಗೆದ್ದ ಕತೆಯೂ ಇದೆ, ಕೋಲಾರದ್ದು. 1880ರ ದಶಕದಲ್ಲಿ ಷೇರುದಾರರ ದುಡ್ಡು ಮುಗಿಯುತ್ತ ಬಂದಾಗ ಪ್ಲಮ್ಮರ್ ಎಂಬ ಕ್ಯಾಪ್ಟನ್ ಹಳೆಯ ಗುಂಡಿಗಳ ಕೆಳಗೆ ಚಾಂಪಿಯನ್ ರೀಫನ್ನು ಹಿಡಿದ. ಆಮೇಲೆ ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ನು ಬಂಗಾರ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಹೋಯಿತು. ಕೆಳಗಿಳಿದವರು ಯಾರು? ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಸತ್ತವರು, ಕಲ್ಲುಧೂಳು ಕುಡಿದು ಎದೆ ಕಲ್ಲಾದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ಊರಿಗೆ ಉಳಿದದ್ದು ಸೈನೈಡು ಮಣ್ಣಿನ ಗುಡ್ಡ.

ರಿಸ್ಕ್ ತೆಗೆದುಕೊಂಡವನಿಗೇ ಲಾಭ ಸೇರಬೇಕು ಎನ್ನುತ್ತದೆ ಬಂಡವಾಳದ ಶಾಸ್ತ್ರ. ಒಪ್ಪೋಣ. ಷೇರುದಾರ ಕಳೆದುಕೊಳ್ಳಬಹುದಾದದ್ದು ಹಾಕಿದ ದುಡ್ಡು ಮಾತ್ರ. ಕೆಳಗಿಳಿದವನು ಪುಪ್ಪುಸ ಹಾಕಿದ್ದ. ಹಾಗಾದರೆ ಅವನ ಷೇರು ಪತ್ರ ಎಲ್ಲಿದೆ?

ಅಣ್ಣನಿಗೆ ಹೇಳಿದೆವು: "ಅಣ್ಣಾ, ಮನೆ ದುಡ್ಡು ಮುಟ್ಟಬೇಡ. ಕಳಕೊಂಡ್ರೂ ಊಟಕ್ಕೆ ತೊಂದ್ರೆ ಆಗದಷ್ಟು ಹಾಕೂದಾದ್ರೂ ಮೂರು ಮಾತು ಕೇಳು. ಅಳೆದದ್ದೋ ಊಹೆಯೋ? ಪರವಾನಗಿ ಹುಡುಕೂಕೋ ತೆಗೆಯೂಕೋ? ಕೊರೆಯೂಕೆ ಇನ್ನೆಷ್ಟು ದುಡ್ಡು ಬೇಕು, ಅದಕ್ಕೆ ಹೊಸ ಷೇರು ಮಾರಿ ನಿನ್ನ ಪಾಲು ಸಣ್ಣ ಮಾಡ್ತ್ರಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾರೆ ಬಂಗಾರ ನಮ್ಗೆ ಬ್ಯಾಡ್ವನಾ?"

ಬೇಕು. ಯಾರಿಗೆ ಬೇಡ? ಆದರೆ ಲಾಟರಿ ಚೀಟಿಯಾಗಿ ಬೇಡ. ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ನು ಕಬ್ಬಿಣದ ಅದಿರು 2010ರಲ್ಲಿ ಕಾಣೆಯಾದದ್ದನ್ನು ಕಂಡ ಜಿಲ್ಲೆಯವರು ನಾವು. ಕಾಗದದ ಮೇಲಿನ ಭರವಸೆ ನಮಗೆ ಸಾಲದು. ಎಲ್ಲೇ ಕೊರೆಯಲಿ, ಮೊದಲ ತೂತು ಬೀಳುವ ಮುನ್ನ ಆ ಊರಿನ ಗ್ರಾಮಸಭೆಗೆ ಕನ್ನಡದಲ್ಲಿ ವರದಿ ಬರಲಿ. ಕೋರ್ ಹೊತ್ತವನ ಹೆಸರು ಹಾಜರಿ ಪುಸ್ತಕದಲ್ಲಿರಲಿ, ಕೂಲಿ ಅವನ ಖಾತೆಗೆ ಬರಲಿ, ಅವನ ಎದೆಯ ಎಕ್ಸ್‌ರೇ ವರ್ಷವರ್ಷ ತೆಗೆಯಲಿ. ಗಣಿ ಮುಚ್ಚಿದ ಮೇಲಿನ ಮಣ್ಣು ತೊಳೆಯುವ ದುಡ್ಡನ್ನು ಗಣಿ ತೆರೆಯುವ ಮೊದಲೇ ಕಟ್ಟಲಿ. ಇಷ್ಟನ್ನು ಲೆಕ್ಕಕ್ಕೆ ಹಿಡಿದ ಮೇಲೂ ಲಾಭ ಉಳಿದರೆ ಅದನ್ನು ನಿಕ್ಷೇಪ ಎನ್ನೋಣ. ಉಳಿಯದಿದ್ದರೆ ಆ ಬಂಗಾರ ಇನ್ನೂ 250 ಕೋಟಿ ವರ್ಷ ಕಲ್ಲಿನೊಳಗೇ ಮಲಗಲಿ.